ಬಾಗಿಲು ಮುಚ್ಚುವ ಹಬ್ಬ

2025ರ ಜುಲೈ 6, ಭಾನುವಾರ. ಠಾಣಾ ಕುಶನೂರಿನ ನಮ್ಮ ಓಣಿಯಲ್ಲಿ ಅವತ್ತು ಮಧ್ಯಾಹ್ನ ರೊಟ್ಟಿ ಬಡಿಯುವ ಸಪ್ಪಳ ಕೇಳಲಿಲ್ಲ. ಆಷಾಢ ಏಕಾದಶಿ. ಪಂಢರಪುರಕ್ಕೆ ನಡೆದುಹೋಗಲಾಗದವರು ಮನೆಯಲ್ಲೇ ವಿಠ್ಠಲನಿಗೆ ತುಳಸಿ ಏರಿಸಿ ಉಪವಾಸ ಹಿಡಿದಿದ್ದರು. ಅದೇ ದಿನ ಮೊಹರಂ ಹತ್ತು. ಎದುರುಮನೆ ಚಾಚಾ ನಸುಕಿನಲ್ಲೇ ಸೆಹರಿ ಮುಗಿಸಿ ರೋಜಾ ಇದ್ದರು.

ಹೊತ್ತು ಮುಳುಗಿ ಅಜಾನ್ ಕೇಳಿಸಿತು. ಚಾಚಾನ ಮನೆಯಿಂದ ಒಂದು ಬಟ್ಟಲು ಖಜೂರ ಬಂತು. ನಮ್ಮ ಆಯಿ ಅದೇ ಬಟ್ಟಲಿಗೆ ಸಾಬೂದಾಣಿ ಖಿಚಡಿ ತುಂಬಿ ತಿರುಗಿ ಕಳಿಸಿದಳು. ಚಾಚಾ ಬಾಗಿಲಲ್ಲೇ ನಿಂತು ನಕ್ಕರು: "ನಿಮ್ಮ ಉಪಾಸ ಭಾಳ ಚಲೋ ಅದ ಆಯಿ. ಖಿಚಡಿ ತಿಂದ್ರೂ ಉಪಾಸೇ." ಆಯಿ ಬಿಡಲಿಲ್ಲ. "ನಿಮ್ದೇನಪ್ಪ, ಹೊತ್ತು ಮುಳುಗಿದ್ರ ಮುಗೀತು. ನಮ್ದು ನಾಳಿ ದ್ವಾದಶಿ ಪಾರಣಿ ಮಟ ಅದ."

ಓಣಿಯ ಈ ಎರಡು ಉಪವಾಸಗಳ ನಡುವೆ ನನಗೆ ಮೂರನೆಯದೊಂದು ನೆನಪಾಯಿತು. ಅದನ್ನು ಹಿಡಿಯುವ ಒಂದು ಮನೆಯೂ ನಮ್ಮೂರಲ್ಲಿಲ್ಲ. ಆದರೆ ಚಾಚಾನ ಆ ದಿನದ ರೋಜಾಕ್ಕೂ ಅದಕ್ಕೂ ಹಳೆಯ ನಂಟಿದೆ. ಅದರ ಒಂದು ಹೆಸರಂತೂ ಮರಾಠಿ ಬೆರೆತ ನಮ್ಮ ಗಡಿಯ ಕಿವಿಗೆ ತಟ್ಟನೆ ಹತ್ತುವಂಥದ್ದು.

ಮೂರು ದಶಮಿ

ಆಶುರಾ ಎಂದರೆ ಹತ್ತನೆಯದು. ಕರ್ಬಲಾದಲ್ಲಿ ಇಮಾಮ್ ಹುಸೇನರು ಹುತಾತ್ಮರಾದದ್ದು 680ರಲ್ಲಿ, ಮೊಹರಂ ಹತ್ತರಂದು. ನಮ್ಮ ಸೀಮೆಯ ಪೀರಗಳು, ಅಲಾಯಿ ಕುಣಿ, ರಿವಾಯತ ಪದ ಎಲ್ಲವೂ ಆ ಶೋಕದ ಸುತ್ತ ಬೆಳೆದವು. ಆದರೆ ಆ ದಿನದ ರೋಜಾ ಕರ್ಬಲಾಕ್ಕಿಂತ ಹಳೆಯದು. ಪ್ರವಾದಿ ಮಹಮ್ಮದರು ಮದೀನಾಕ್ಕೆ ಬಂದಾಗ ಅಲ್ಲಿನ ಯಹೂದಿಗಳು ಆಶುರಾ ದಿನ ಉಪವಾಸ ಇದ್ದುದನ್ನು ಕಂಡರು ಎಂದು ಹದೀಸಿನಲ್ಲಿ ಬರುತ್ತದೆ. ಯಾಕೆಂದು ಕೇಳಿದರೆ, ಮೂಸಾನನ್ನೂ ಅವನ ಜನರನ್ನೂ ದೇವರು ಫರೋಹನ ಕೈಯಿಂದ ಬಿಡಿಸಿದ ದಿನವಿದು ಎಂದರಂತೆ. ಪ್ರವಾದಿ ತಾವೂ ಉಪವಾಸ ಹಿಡಿದರು, ತಮ್ಮವರಿಗೂ ಹೇಳಿದರು. ಮುಂದೆ ರಂಜಾನಿನ ರೋಜಾ ಕಡ್ಡಾಯವಾದ ಮೇಲೆ ಆಶುರಾ ಉಪವಾಸ ಅವರವರ ಇಚ್ಛೆಗೆ ಬಿಟ್ಟದ್ದಾಯಿತು.

ಇದರ ಬೇರು ಯಹೂದಿಗಳ ತಿಶ್ರಿ ತಿಂಗಳ ಹತ್ತನೆಯ ದಿನದ ಮಹಾ ಉಪವಾಸದಲ್ಲಿದೆ ಎನ್ನುವ ವಿದ್ವಾಂಸರು ಅನೇಕರಿದ್ದಾರೆ. ಆ ದಿನವೇ ಯೋಮ್ ಕಿಪ್ಪೂರ್. ಬೀದರದ ಚರ್ಚುಗಳಲ್ಲಿ ಕನ್ನಡ ಬೈಬಲ್ ಓದುವವರಿಗೆ ಯಾಜಕಕಾಂಡದ 'ದೋಷಪರಿಹಾರಕ ದಿನ' ಎಂದರೆ ಗೊತ್ತಾಗುತ್ತದೆ. ಪತ್ರಿಕೆ ಓದುವವರಿಗೆ ಈ ಹೆಸರು ಗೊತ್ತಿರುವುದು ಯುದ್ಧದಿಂದ. 1973ರ ಅಕ್ಟೋಬರ್ 6ರಂದು ಈಜಿಪ್ಟ್, ಸಿರಿಯಾ ಸೇನೆಗಳು ಇಸ್ರೇಲ್ ಮೇಲೆ ನುಗ್ಗಿದ್ದು ಯೋಮ್ ಕಿಪ್ಪೂರ್ ದಿನವೇ. ಅತ್ತ ಅದು ರಂಜಾನ್ ಹತ್ತು. ಎರಡೂ ಕಡೆಯ ಮನೆಗಳಲ್ಲಿ ಜನ ಉಪವಾಸ ಇದ್ದ ದಿನ ಗುಂಡು ಹಾರಿತು.

ಯಹೂದಿಗಳದ್ದೂ ನಮ್ಮ ಹಾಗೆ ಚಂದ್ರನನ್ನು ಎಣಿಸಿ ಸೂರ್ಯನಿಗೆ ಹೊಂದಿಸುವ ಪಂಚಾಂಗ. ನಮಗೆ ಅಧಿಕ ಮಾಸ ಬಂದ ಹಾಗೆ ಅವರೂ 19 ವರ್ಷಕ್ಕೆ 7 ತಿಂಗಳು ಕೂಡಿಸುತ್ತಾರೆ. ಹೀಗಾಗಿ ಅವರ ತಿಶ್ರಿ ಎಷ್ಟೋ ಸಲ ನಮ್ಮ ಆಶ್ವಿನದ ಮಗ್ಗುಲಲ್ಲೇ ನಡೆಯುತ್ತದೆ. ಮೊಹರಂಗೆ ಈ ಲೆಕ್ಕವಿಲ್ಲ. ಅದು ಮಳೆಗಾಲ, ಬೇಸಿಗೆ, ಚಳಿ ಎಲ್ಲವನ್ನೂ ಸುತ್ತಿ ಬರುತ್ತದೆ. 2025ರಲ್ಲಿ ಯೋಮ್ ಕಿಪ್ಪೂರ್ ಅಕ್ಟೋಬರ್ 1ರ ಸಂಜೆ ಹಿಡಿದು 2ರ ರಾತ್ರಿಗೆ ಮುಗಿಯಿತು. ಅದೇ 2ರಂದು ನಮ್ಮ ವಿಜಯದಶಮಿ. ಅವರ ಹತ್ತು, ನಮ್ಮ ಹತ್ತು ಒಂದೇ ದಿನ ಬಂದವು.

ಇನ್ನೊಂದು ಠಾಣಾ

ನಮ್ಮೂರವರು ಮುಂಬೈ ಕಡೆ ಹೋದಾಗ ಊರ ಹೆಸರು ಹೇಳಿದರೆ ಕೇಳಿದವರು 'ಕುಶನೂರ' ಬಿಟ್ಟು 'ಠಾಣಾ' ಅಷ್ಟೇ ಹಿಡಿಯುತ್ತಾರೆ. "ಠಾಣಾ? ಲೋಕಲ್ ಹಿಡಿದರೆ ತಾಸಿನ ದಾರಿ" ಅನ್ನುತ್ತಾರೆ. 1853ರಲ್ಲಿ ಬೋರಿಬಂದರದಿಂದ ಮೊದಲ ರೈಲು ಹೋದ ಠಾಣಾ ಅವರ ತಲೆಯಲ್ಲಿ. ನಾನು ಆ ಠಾಣಾದಲ್ಲಿ ನಾಲ್ಕು ವರ್ಷ ನೌಕರಿ ಮಾಡಿದೆ. ದಿನಾ ಓಡಾಡುವ ದಾರಿಯಲ್ಲಿ ಒಂದು ಪ್ರಾರ್ಥನಾ ಮಂದಿರ. ಮಸೀದಿಯಲ್ಲ, ಚರ್ಚಲ್ಲ, ಗುಡಿಯಲ್ಲ. 1879ರಲ್ಲಿ ಕಟ್ಟಿದ ಯಹೂದಿಗಳ ಸಿನಗಾಗ್. ಹೆಸರು ಶಾರ್ ಹಶಾಮಯಿಮ್, ಅಂದರೆ ಸ್ವರ್ಗದ ಬಾಗಿಲು.

ಅಲ್ಲಿ ಸೇರುವವರಲ್ಲಿ ಹೆಚ್ಚಿನವರು ಬೆನೆ ಇಸ್ರೇಲರು. ಬಹಳ ಹಿಂದೆ ಕೊಂಕಣದ ನವಗಾಂವ್ ಬಳಿ ಹಡಗು ಒಡೆದು, ಏಳು ಜೋಡಿ ಗಂಡಹೆಂಡಿರು ದಡ ಸೇರಿದರು, ತಾವು ಅವರ ಮಕ್ಕಳು ಎಂಬುದು ಅವರು ಹೇಳಿಕೊಂಡು ಬಂದ ಕಥೆ. ಗ್ರಂಥಗಳೆಲ್ಲ ಸಮುದ್ರದ ಪಾಲಾದವು. ಉಳಿದದ್ದು ಒಂದು ಪ್ರಾರ್ಥನೆ, ಸುನ್ನತಿ, ಉಣಿಸಿನ ಕೆಲವು ಕಟ್ಟಳೆ, ಒಂದಷ್ಟು ಉಪವಾಸ ಮತ್ತು ಶನಿವಾರದ ಬಿಡುವು. ಅವರು ಗಾಣ ತಿರುಗಿಸಿ ಎಣ್ಣೆ ತೆಗೆದು ಬದುಕಿದರು. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಊರವರು ಅವರನ್ನು 'ಶನಿವಾರ ತೇಲಿ' ಎಂದರು. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ನಮ್ಮ ರೈತರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ಅಡ್ಡಹೆಸರೂ ನಮ್ಮ ಗಡಿಯಲ್ಲಿ ಕೇಳುವಂಥದ್ದೇ: ಕೇಹಿಮಕರ, ದಿವೇಕರ, ನವಗಾಂವಕರ. ಊರಿನ ಹೆಸರಿಗೆ 'ಕರ' ಹಚ್ಚಿದರೆ ಮನೆತನ.

ಅವರಲ್ಲೊಬ್ಬರಾದ ಹಾಯಿಮ್ ಸ್ಯಾಮ್ಯುಯೆಲ್ ಕೇಹಿಮಕರ 1897ರಲ್ಲಿ ತಮ್ಮ ಜನರ ಇತಿಹಾಸ ಬರೆದಿಟ್ಟರು. ಅದು ಅಚ್ಚಾದದ್ದು 1937ರಲ್ಲಿ, ತೆಲ್ ಅವೀವ್‌ನಲ್ಲಿ. ಕೊಂಕಣದ ಹಳ್ಳಿಗಳಲ್ಲಿ ಯಹೂದಿ ಹಬ್ಬಗಳಿಗೆ ಇದ್ದ ಮನೆಮಾತಿನ ಹೆಸರುಗಳು ಅದರಲ್ಲಿವೆ. ಹೀಬ್ರೂ ಮರೆತವರು ಹಬ್ಬ ಮರೆತಿರಲಿಲ್ಲ. ಮರಾಠಿ ಹೆಸರು ಇಟ್ಟುಕೊಂಡಿದ್ದರು. ಹೊಸ ವರ್ಷಕ್ಕೆ 'ನವ್ಯಾಚಾ ಸಣ'. ಯೋಮ್ ಕಿಪ್ಪೂರಿಗೆ 'ದಾರ್ ಫಾಳ್ನಿಚಾ ಸಣ'.

ಸಣ ಎಂದರೆ ಹಬ್ಬ, ದಾರ ಎಂದರೆ ಬಾಗಿಲು. ಬಾಗಿಲು ಮುಚ್ಚುವ ಹಬ್ಬ. ಸೊಸೆಯನ್ನು ಉದಗೀರಿನಿಂದ ತಂದು ಮಗಳನ್ನು ದೇಗಲೂರಿಗೆ ಕೊಡುವ ನಮಗೆ ಇದಕ್ಕೆ ನಿಘಂಟು ಬೇಡ. ಅವತ್ತು ಬೆನೆ ಇಸ್ರೇಲರು ಬಿಳಿ ಬಟ್ಟೆ ಉಟ್ಟು, ಬಾಗಿಲು ಹಾಕಿಕೊಂಡು, ಹೊರಗಿನವರೊಡನೆ ಮಾತುಕತೆ ಬಿಟ್ಟು ಮನೆಯೊಳಗೇ ಉಪವಾಸ ಇರುತ್ತಿದ್ದರು. ಮರುದಿನಕ್ಕೆ ಇನ್ನೊಂದು ಹೆಸರು: 'ಶಿಳಾ ಸಣ'. ಶಿಳಾ ಎಂದರೆ ತಂಗಳು. ಹಬ್ಬ ಹಳಸುವ ಆ ದಿನ ಬಾಗಿಲು ತೆರೆದು, ಬಡವರಿಗೆ ದಾನ ಕೊಟ್ಟು, ಒಬ್ಬರ ಮನೆಗೆ ಒಬ್ಬರು ಹೋಗಿಬರುತ್ತಿದ್ದರು.

ಇಪ್ಪತ್ತೈದು ತಾಸು

ಯೋಮ್ ಕಿಪ್ಪೂರ್ ಉಪವಾಸ ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ನಿರಂಕಾರ. ಫರಾಳವಿಲ್ಲ, ಹಣ್ಣಿಲ್ಲ, ಹಾಲಿಲ್ಲ, ಗುಟುಕು ನೀರೂ ಇಲ್ಲ. ಒಂದು ಸಂಜೆ ಹೊತ್ತು ಮುಳುಗುವ ಮೊದಲು ಶುರುವಾದದ್ದು ಮರುದಿನ ನಕ್ಷತ್ರ ಕಾಣುವ ತನಕ, ಸುಮಾರು 25 ತಾಸು. ಸ್ನಾನವಿಲ್ಲ, ಮೈಗೆ ಎಣ್ಣೆ ಇಲ್ಲ, ಕಾಲಿಗೆ ಚರ್ಮದ ಜೋಡಿಲ್ಲ, ಗಂಡಹೆಂಡಿರ ಕೂಟವಿಲ್ಲ. ಕಟ್ಟಾ ಯಹೂದಿಯೂ ಅವತ್ತು ಬಟ್ಟೆಯ ಬೂಟು ಮೆಟ್ಟಿ ಸಿನಗಾಗಿಗೆ ಹೋಗುತ್ತಾನೆ. ಮಕ್ಕಳಿಗೆ ವಿನಾಯಿತಿ ಇದೆ. ರೋಗಿಯ ಜೀವಕ್ಕೆ ಅಪಾಯವಿದ್ದರೆ ಉಣ್ಣುವುದೇ ಧರ್ಮ, ಉಪವಾಸದ ಹಟವೇ ತಪ್ಪು. 1848ರ ಕಾಲರಾ ಕಾಲದಲ್ಲಿ ವಿಲ್ನಾ ಪಟ್ಟಣದ ರಬ್ಬಿ ಇಸ್ರಾಯೆಲ್ ಸಲಾಂಟರ್ ಯೋಮ್ ಕಿಪ್ಪೂರ್ ದಿನ ಎಲ್ಲರ ಎದುರು ತಾವೇ ತುತ್ತು ಬಾಯಿಗಿಟ್ಟು ಜನರ ಭಯ ಬಿಡಿಸಿದರು ಎಂಬ ಕಥೆ ಪ್ರಸಿದ್ಧ.

ಮೊದಲ ಸಂಜೆ 'ಕೋಲ್ ನಿದ್ರೇ' ಎಂಬ ಹಾಡು. ಅದು ಪ್ರಾರ್ಥನೆಗಿಂತ ಹೆಚ್ಚಾಗಿ ಕೋರ್ಟಿನ ಹೇಳಿಕೆಯಂತಿದೆ: ದೇವರ ಮುಂದೆ ಆತುರಕ್ಕೆ ಆಡಿ ನಡೆಸಲಾಗದ ಹರಕೆಗಳೆಲ್ಲ ರದ್ದು ಎಂದು ಅರಾಮಿಕ್ ಭಾಷೆಯಲ್ಲಿ ಮೂರು ಸಲ ಹಾಡುತ್ತಾರೆ. ಆಮೇಲೆ ತಪ್ಪೊಪ್ಪಿಗೆ. ಅದು ಅಕ್ಷರಮಾಲೆಯ ಕ್ರಮದಲ್ಲಿ ಸಾಗುತ್ತದೆ, ಅಕ್ಷರಕ್ಕೊಂದು ತಪ್ಪು, ಒಂದೊಂದಕ್ಕೂ ಎದೆಗೆ ಮುಷ್ಟಿಯ ಒಂದು ಮೆಲ್ಲನೆ ಏಟು. ಅ ಆ ಇ ಈ ಕಲಿತ ಮಗು ಕಳ್ಳತನದಿಂದ ಹಿಡಿದು ಚಾಡಿಯವರೆಗೆ ಎಲ್ಲ ಒಪ್ಪಿಸಿದ ಹಾಗೆ. 'ನಾನು' ಎಂಬ ಮಾತು ಅದರಲ್ಲಿಲ್ಲ, ಎಲ್ಲವೂ 'ನಾವು'. ತಾನು ಮಾಡದ ತಪ್ಪಿಗೂ ಪಕ್ಕದವನ ಜೊತೆ ಎದೆ ಬಡಿದುಕೊಳ್ಳಬೇಕು.

ಜೆರುಸಲೇಮಿನಲ್ಲಿ ದೇವಾಲಯವಿದ್ದ ಕಾಲಕ್ಕೆ ಈ ದಿನ ಎರಡು ಹೋತಗಳಿಗೆ ಚೀಟಿ ಹಾಕುತ್ತಿದ್ದರು. ಒಂದು ದೇವರಿಗೆ ಬಲಿ. ಇನ್ನೊಂದರ ತಲೆಯ ಮೇಲೆ ಮಹಾಯಾಜಕ ಕೈಯಿಟ್ಟು ಜನರ ಪಾಪವನ್ನೆಲ್ಲ ಹೇರಿ ಅಡವಿಗೆ ಅಟ್ಟುತ್ತಿದ್ದ. ಊರಿಗೆ ಬ್ಯಾನಿ ಬಂದಾಗ ಅಮ್ಮನನ್ನು ಸೀಮೆ ದಾಟಿಸುವ ನಮ್ಮ ಹಳ್ಳಿಗಳಿಗೆ ಇದೂ ತಿಳಿಯುವ ಮಾತು. ಕ್ರಿ.ಶ. 70ರಲ್ಲಿ ರೋಮನರು ದೇವಾಲಯ ಕೆಡವಿದ ಮೇಲೆ ಹೋತ ಹೋಯಿತು. ಪಾಪ ಹೊರುವ ಹೆಗಲು ಇನ್ನೊಬ್ಬರದು ಉಳಿಯಲಿಲ್ಲ.

ಯೋಮ್ ಕಿಪ್ಪೂರ್ ಬೆಳಿಗ್ಗೆ ಓದುವುದು ಪ್ರವಾದಿ ಯೆಶಾಯನ ಒಂದು ಭಾಗ. ಹೊಟ್ಟೆ ಕಟ್ಟಿ ತಲೆ ಬಾಗಿಸಿ ಕೂತರೆ ಇದು ನನಗೆ ಬೇಕಾದ ಉಪವಾಸವೇ ಎಂದು ದೇವರೇ ಕೇಳುತ್ತಾನೆ. ಹಸಿದವನಿಗೆ ರೊಟ್ಟಿ, ನೆಲೆ ಇಲ್ಲದವನಿಗೆ ಮನೆ, ನೊಗ ಹೊತ್ತವನಿಗೆ ಬಿಡುಗಡೆ ಎಲ್ಲಿ ಎಂದು ಗದರುತ್ತಾನೆ. ಉಪವಾಸದ ದಿನವೇ ಉಪವಾಸಕ್ಕೆ ಬೈಗುಳ ಓದುವ ಈ ಎದೆಗಾರಿಕೆ ನನಗೆ ಮೆಚ್ಚುಗೆ. ಮಧ್ಯಾಹ್ನದ ಮೇಲೆ ಯೋನನ ಕಥೆ. ಮೀನಿನ ಹೊಟ್ಟೆಯ ಮಾತು ಎಲ್ಲರಿಗೂ ಗೊತ್ತು. ಅದರ ಕೊನೆ ಮಾತ್ರ ಜನಕ್ಕೆ ನೆನಪಿರುವುದಿಲ್ಲ. ವೈರಿಗಳ ಊರಾದ ನಿನೆವೆ ಪಶ್ಚಾತ್ತಾಪ ಪಟ್ಟಿತು, ದೇವರು ಕ್ಷಮಿಸಿದ. ಕ್ಷಮಿಸಿದನಲ್ಲ ಎಂದು ಯೋನ ಮುನಿಸಿಕೊಂಡು ಊರ ಹೊರಗೆ ಹೋಗಿ ಕೂತ.

ಕೊನೆಗೆ ಹೊತ್ತು ಮುಳುಗುವಾಗಿನ ಪ್ರಾರ್ಥನೆ, ನೆಯಿಲಾ. ಅದರ ಅರ್ಥ ಮುಚ್ಚುವುದು. ಸ್ವರ್ಗದ ಬಾಗಿಲು ಇನ್ನೇನು ಮುಚ್ಚುತ್ತದೆ ಎಂದು ಬಳಲಿದ ಜನ ಎದ್ದು ನಿಲ್ಲುತ್ತಾರೆ. ಆಮೇಲೆ ಟಗರಿನ ಕೊಂಬಿನ ಶೋಫಾರ್, ಒಂದೇ ಉದ್ದನೆಯ ಊದು. ಅಷ್ಟಕ್ಕೆ ಮುಗಿಯಿತು.

ಕರುಣೆಯ ಬಾಗಿಲು

ಈ ಹಬ್ಬದ ಜನ ಕನ್ನಡ ನೆಲಕ್ಕೆ ಹೊಸಬರಲ್ಲ. ಟ್ಯುನೀಶಿಯಾದ ಮಹ್ದಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿ ಏಡನ್ ದಾರಿಯಾಗಿ ಬಂದು 1132ರಿಂದ 1149ರ ತನಕ ಹೆಚ್ಚಿನ ಕಾಲ ಮಂಗಳೂರು ಕರಾವಳಿಯಲ್ಲಿದ್ದ. ಇತ್ತ ಶರಣರ ಕಲ್ಯಾಣ ಕಣ್ತೆರೆಯುವ ಹೊತ್ತು ಅದು. ಅವನು ಕರಿಮೆಣಸು, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ, ತಾಮ್ರ ತರಿಸಿ ಪಾತ್ರೆ ಮಾಡಿಸುತ್ತಿದ್ದ. ಅವನ ಪರವಾಗಿ ಏಡನ್ನಿಗೆ ಹೋಗಿಬರುತ್ತಿದ್ದ ಆಳಿನ ಹೆಸರು ಬೊಮ್ಮ. ಏಡನ್ನಿನ ಗೆಳೆಯರು ಅವನಿಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ ಕಳಿಸುತ್ತಿದ್ದರು. 1132ರ ಅಕ್ಟೋಬರ್ 17ರಂದು ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರವೂ ಉಳಿದಿದೆ. ಅವನ ಈ ಕಾಗದಪತ್ರಗಳೆಲ್ಲ ಕೈರೋದ ಬೆನ್ ಎಜ್ರಾ ಸಿನಗಾಗಿನ ಕೋಣೆಯಲ್ಲಿ ಸಿಕ್ಕವು. ದೇವರ ಹೆಸರಿರಬಹುದಾದ ಕಾಗದವನ್ನು ಯಹೂದಿಗಳು ಹರಿದೆಸೆಯುವುದಿಲ್ಲ. ಆ ಭಯಭಕ್ತಿಯಿಂದ ಮಂಗಳೂರಿನ ಲೆಕ್ಕಪತ್ರ ಎಂಟುನೂರು ವರ್ಷ ಬದುಕಿತು. 1992ರಲ್ಲಿ ಅಮಿತಾವ್ ಘೋಷ್ ಬೊಮ್ಮನನ್ನು ಹುಡುಕುತ್ತ ಒಂದು ಪುಸ್ತಕವನ್ನೇ ಬರೆದರು. ಬೆಂಗಳೂರಿನಲ್ಲಿ 1904ರಿಂದ ಯಹೂದಿಗಳ ಒಂದು ಸ್ಮಶಾನವೂ ಇದೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಶ್ರೀರಂಗಪಟ್ಟಣದ ಕಥೆ. ಕಂಪನಿ ಸೈನ್ಯದ ದೇಶಿ ಅಧಿಕಾರಿ ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ, ಮನೆಯವರ ಬಾಯಲ್ಲಿ ಸಮಾಜಿ ಹಸಾಜಿ, ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾದ. ನೀನು ಯಾವ ಜನ ಎಂದು ಕೇಳಿದಾಗ ಬೆನೆ ಇಸ್ರೇಲ್ ಎಂದನಂತೆ. ಕುರಾನಿನಲ್ಲಿ ಬನಿ ಇಸ್ರಾಯಿಲರ ಹೆಸರು ಕೇಳಿದ್ದ ಟಿಪ್ಪುವಿನ ತಾಯಿ ಅಡ್ಡ ಬಂದು ಪ್ರಾಣ ಉಳಿಸಿದಳು ಎಂದು ಬೆನೆ ಇಸ್ರೇಲರು ಇಂದಿಗೂ ಹೇಳುತ್ತಾರೆ. ಬದುಕಿ ಮುಂಬೈಗೆ ಮರಳಿದ ದಿವೇಕರ 1796ರಲ್ಲಿ ಆ ಊರಿನ ಮೊದಲ ಸಿನಗಾಗ್ ಕಟ್ಟಿಸಿದ. ಹೆಸರು ಶಾರ್ ಹರಹಮಿಮ್, ಕರುಣೆಯ ಬಾಗಿಲು. ಸ್ವಾತಂತ್ರ್ಯದ ಹೊತ್ತಿಗೆ ಸುಮಾರು ಇಪ್ಪತ್ತು ಸಾವಿರವಿದ್ದ ಬೆನೆ ಇಸ್ರೇಲರಲ್ಲಿ ಬಹುಪಾಲು ಇಸ್ರೇಲಿಗೆ ಹೋದರು. ಇಲ್ಲಿ ಉಳಿದವರು ಕೆಲವೇ ಸಾವಿರ. ಕಟ್ಟಿದ ಬಾಗಿಲುಗಳು ಇಲ್ಲೇ ಇವೆ.

ಬಾಂದ

ಠಾಣಾದಲ್ಲಿದ್ದಾಗ ಯೋಮ್ ಕಿಪ್ಪೂರ್ ಬಗ್ಗೆ ಓದುತ್ತ ಒಂದು ನಿಯಮಕ್ಕೆ ಬಂದು ನಿಂತೆ. ಸುಮಾರು ಸಾವಿರದೆಂಟುನೂರು ವರ್ಷ ಹಿಂದೆ ಸಂಕಲಿಸಿದ ಮಿಶ್ನಾದಲ್ಲಿ ಅದು ಇದೆ. ಮನುಷ್ಯ ದೇವರಿಗೆ ಮಾಡಿದ ತಪ್ಪು ಈ ಉಪವಾಸದಿಂದ ಕಳೆಯುತ್ತದೆ. ಮನುಷ್ಯ ಮನುಷ್ಯನಿಗೆ ಮಾಡಿದ್ದು ಕಳೆಯುವುದಿಲ್ಲ, ನೊಂದವನ ಹತ್ತಿರ ಹೋಗಿ ಅವನನ್ನು ಸಮಾಧಾನ ಮಾಡುವ ತನಕ. 12ನೆಯ ಶತಮಾನದ ಮೈಮೊನಿಡಿಸ್ ಇದನ್ನು ಇನ್ನೂ ಬಿಗಿ ಮಾಡಿದ: ಕಸಿದದ್ದನ್ನು ಹಿಂದಕ್ಕೆ ಕೊಟ್ಟರೂ ಸಾಲದು, ಕ್ಷಮೆ ಕೇಳಲೇಬೇಕು, ಒಪ್ಪದಿದ್ದರೆ ಮೂರು ಸಲ ಜನರನ್ನು ಕರೆದುಕೊಂಡು ಹೋಗಬೇಕು. ಹೀಗಾಗಿ ಉಪವಾಸಕ್ಕೆ ಮುಂಚಿನ ದಿನಗಳಲ್ಲಿ ಯಹೂದಿಗಳು ಹಳೆಯ ಜಗಳದ ಬಾಗಿಲುಗಳನ್ನು ತಟ್ಟುತ್ತಾರೆ. ನಮ್ಮ ಜೈನರು ದಶಲಕ್ಷಣ ಪರ್ವ ಮುಗಿದಾಗ ಕ್ಷಮಾವಾಣಿ ದಿನ ಕೈಮುಗಿದು ಕೇಳುವುದೂ ಇದನ್ನೇ.

ನಾನು ಪುಸ್ತಕ ಮುಚ್ಚಿಟ್ಟೆ. ನಮ್ಮ ಹೊಲದ ಬಾಂದ ನೆನಪಾಯಿತು.

ನಮ್ಮ ಅಪ್ಪ, ಕಾಕಾ ಇಬ್ಬರ ಹೊಲದ ನಡುವೆ ಒಂದು ಮಣ್ಣಿನ ಬಾಂದ. ಹನ್ನೊಂದು ವರ್ಷದ ಹಿಂದೆ ಮಳೆಗೆ ಅದು ಕೊಚ್ಚಿತು. ಅಪ್ಪ ತಿರುಗಿ ಹಾಕಿಸಿದ, ಎರಡು ಸಾಲು ಆಚೆಗೆ. ನಾನು ಜೊತೆಗಿದ್ದೆ, ಹಗ್ಗದ ಒಂದು ತುದಿ ನನ್ನ ಕೈಯಲ್ಲಿತ್ತು. ಕಾಕಾ ಜಗಳ ತೆಗೆಯಲಿಲ್ಲ, ಮಾತು ಬಿಟ್ಟರು. ಅಪ್ಪ ತೀರಿಕೊಂಡಾಗ ಬಂದು ಮಣ್ಣು ಕೊಟ್ಟು ನೀರೂ ಕುಡಿಯದೆ ಹೋದರು. ಆಮೇಲೂ ನಾನು ಪ್ರತಿ ಶ್ರಾವಣ ಸೋಮವಾರ ತಪ್ಪದೆ ಒಂದೊತ್ತು ಮಾಡಿದೆ. ಪ್ರತಿ ದಸರಾಕ್ಕೆ ಊರೆಲ್ಲ ಬನ್ನಿ ಕೊಟ್ಟು ಕಾಕಾನ ಬಾಗಿಲ ಮುಂದೆ ಮಾತ್ರ ಹೆಜ್ಜೆ ಬಿರುಸು ಮಾಡಿದೆ. ದೇವರ ಎದುರು ಹಸಿದು ಕೂರುವುದು ಸುಲಭ. ಅವನು ಬದುಕಿನ ಲೆಕ್ಕ ಕೇಳಬಹುದು, ಹೊಲದ ಮೋಜಣಿ ಕೇಳುವುದಿಲ್ಲ.

2025ರ ಆಗಸ್ಟ್, ಸೆಪ್ಟೆಂಬರ್ ಮಳೆ ಬೀದರ ಜಿಲ್ಲೆಯ ಉದ್ದು, ಸೋಯಾ ಹೊಲಗಳನ್ನು ನೀರಲ್ಲಿ ನಿಲ್ಲಿಸಿತು. ನಮ್ಮ ಬಾಂದವೂ ಹೋಯಿತು. ಎರಡು ಹೊಲ ಒಂದೇ ಕೆಸರಾಗಿ, ಯಾರದು ಎಲ್ಲಿಗೆ ಮುಗಿಯುತ್ತದೆ ಎಂದು ಗುರುತೇ ಉಳಿಯಲಿಲ್ಲ.

ಅಕ್ಟೋಬರ್ 2ರ ಸಂಜೆ ಬನ್ನಿ ಮುಡಿದು ಜನ ಊರೊಳಗೆ ಬಂದರು. ಅತ್ತ ಆ ಠಾಣಾದಲ್ಲಿ ನೆಯಿಲಾ ಹೊತ್ತು. ನಾನು ಕೈಯಲ್ಲಿ ಎಲೆ ಹಿಡಿದು ಕಾಕಾನ ಬಾಗಿಲಿಗೆ ಹೋದೆ. ಬಾಗಿಲು ಮುಂದೆ ಮಾಡಿತ್ತು, ಚಿಲಕ ಹಾಕಿರಲಿಲ್ಲ. ತಟ್ಟಿದೆ. ಕಾಕಾ ಬಂದು ನೋಡಿ ಸುಮ್ಮನೆ ನಿಂತರು. ಬನ್ನಿ ಕೊಟ್ಟು ಕಾಲು ಮುಟ್ಟಿದೆ. ಬಂಗಾರದ್ಹಾಂಗ ಇರೋಣ ಎಂಬ ಮಾತು ಬಾಯಿಗೆ ಬರಲಿಲ್ಲ.

"ಕಾಕಾ, ಬಾಂದ ಹೋಗ್ಯಾದ. ಅವತ್ತು ಹಗ್ಗ ಹಿಡದಾಂವ ನಾನೇ. ತಪ್ಪಾಗ್ಯಾದ. ಈ ಸಲ ಎಲ್ಲಿ ಹಾಕಬೇಕು ನೀವೇ ಹೇಳ್ರಿ."

ಕಾಕಾ ಬಹಳ ಹೊತ್ತು ಎಲೆಯನ್ನೇ ನೋಡಿದರು. ಒಳಗಿನಿಂದ ಉದಗೀರ ಕಡೆಯ ಕಾಕಿ ತಾಟು ತಂದು ಕಟ್ಟೆಯ ಮೇಲಿಟ್ಟಳು. ತಾಟಿನಲ್ಲಿ ಎರಡು ಹೋಳಿಗೆ, ಮೇಲೆ ತುಪ್ಪ. "ಕೂಡು, ತಿನ್ನು. ನಾಳಿಗೆ ಶಿಳಾ ಆಗ್ತದ" ಅಂದಳು.

ನಾನು ಕೂತೆ. ತುತ್ತು ಮುರಿಯುವಾಗ ಕಾಕಾ ಮೊದಲ ಸಲ ಬಾಯಿ ತೆರೆದರು.

"ನಾಳಿ ಮುಂಜಾನಿ ಹೊಲಕ್ಕ ಬಾ. ಹಗ್ಗ ನಿನ್ನ ಮನ್ಯಾಗೇ ಅದ, ತಗೊಂಡ್ ಬಾ."